ಶ್ರಾವಣದಲ್ಲಿ ಹಿಡಿದ ಮೀನು

ಮೀನು ಹಿಡಿಯುವುದು ಸಂಬಳದ ಉದ್ಯೋಗವಾಗಬಲ್ಲದು ಎಂಬ ವಿಚಾರ ನನ್ನ ತಲೆಯನ್ನು ಹೊಕ್ಕಿದ್ದು ಕೇಬಲ್ ಟಿ.ವಿ.ಯಿಂದ. ಆಗ ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಬಿ.ಎ. ಮುಗಿಸಿದ ನಾನು ಹಗರಿಬೊಮ್ಮನಹಳ್ಳಿಯ ಒಂದು ಖಾಸಗಿ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದೆ. ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಕ್ರೀಡಾ ವಾಹಿನಿ ನೋಡುತ್ತಿದ್ದಾಗ, ಅಮೆರಿಕದ ಯಾವುದೋ ಸರೋವರದಲ್ಲಿ ಹೆಂಗಸೊಬ್ಬಳು ಬಾಸ್ ಎಂಬ ಜಾತಿಯ ಮೀನನ್ನು ಗಾಳದಲ್ಲಿ ಹಿಡಿದು, ತೂಗಿಸಿ, ನಗುತ್ತ ಮತ್ತೆ ನೀರಿಗೆ ಬಿಟ್ಟಳು. ಅದು ಆಕೆಯ ವೃತ್ತಿಯೆಂದೂ, ಅದಕ್ಕಾಗಿಯೇ ಕಂಪನಿಗಳು ಆಕೆಗೆ ಹಣ ಕೊಡುತ್ತವೆಯೆಂದೂ ಸಹೋದ್ಯೋಗಿ ವಿವರಿಸಿದರು. ಆ ರಾತ್ರಿ ನನಗೆ ಸರಿಯಾಗಿ ನಿದ್ರೆ ಬರಲಿಲ್ಲ. ಗಾಳ ಹಾಕುವುದೊಂದೇ ನಾನು ಯಾರಿಗೂ ಹೆದರದೆ ಮಾಡುತ್ತಿದ್ದ ಕೆಲಸವಾಗಿತ್ತು.

ನಮ್ಮದು ತಂಬ್ರಹಳ್ಳಿ ಕಡೆಯ ಕುರಿ ಸಾಕುವ ಮನೆತನ. ಬೇಸಿಗೆಯಲ್ಲಿ ತುಂಗಭದ್ರೆಯ ಹಿನ್ನೀರು ಸರಿದು ಬಯಲಾದ ನೆಲದಲ್ಲಿ ಹುಲ್ಲು ಚಿಗುರಿದಾಗ ಅಪ್ಪ ಕುರಿಗಳನ್ನು ಅಲ್ಲಿಗೆ ಹೊಡೆಯುತ್ತಿದ್ದ. ಬುತ್ತಿ ಒಯ್ದ ನಾನು ದಡದಲ್ಲಿ ಕೂತು, ಗಾಳದ ದಾರವನ್ನು ಕಾಲ್ಬೆರಳಿಗೆ ಸುತ್ತಿಕೊಂಡು ಪರೀಕ್ಷೆಗೆ ಓದುತ್ತಿದ್ದೆ. ಸಿಕ್ಕ ಮೀನು ಸಾರಿಗೆ ಹೋಗುತ್ತಿತ್ತು. ಆಗ ಯಾರ ತಕರಾರೂ ಇರಲಿಲ್ಲ. ಟಿ.ವಿ. ನೋಡಿದ ಮೇಲೆ ನಾನು ಹಿಡಿದ ಮೀನನ್ನು ಬಿಡುವುದನ್ನು ಅಭ್ಯಾಸ ಮಾಡತೊಡಗಿದೆ. ಅವ್ವನಿಗೆ ಅದು ಸಹನವಾಗಲಿಲ್ಲ.

"ಹಿಡಿಯೋದು, ಬಿಡೋದು. ಇದಕ್ಕ ಬಿ.ಎ. ಓದಬೇಕಾತೇನ ಬೇ?" ಎಂದು ಖಾಲಿ ಬೋಗುಣಿಯನ್ನು ನನ್ನ ಮುಂದೆ ಇಟ್ಟಳು.

ಹೊಸಪೇಟೆಯಲ್ಲಿ ಗಾಳದ ಸಾಮಾನು ಮಾರುವ ಒಂದು ಅಂಗಡಿಯಿತ್ತು. ಅಲ್ಲಿ ನಾನು ರೀಲು ಸುತ್ತುವ ಕೋಲನ್ನೂ, ನೀರಿನಲ್ಲಿ ಚಿಕ್ಕ ಮೀನಿನಂತೆ ಹೊಳೆದು ದೊಡ್ಡ ಮೀನನ್ನು ಗಾಳಕ್ಕೆ ಸೆಳೆಯುವ ತಗಡಿನ ಚಮಚವನ್ನೂ ಕೊಂಡೆ. ನನ್ನ ಆಸಕ್ತಿಯನ್ನು ಗಮನಿಸಿದ ಅಂಗಡಿಯ ಮಾಲೀಕರು ಒಂದು ದಿನ ಸುದ್ದಿ ಹೇಳಿದರು. ನಮ್ಮ ಹಿನ್ನೀರಿನಲ್ಲೇ ಅವರು ಒಂದು ಸ್ಪರ್ಧೆ ನಡೆಸುವವರಿದ್ದರು. ಅತಿ ಭಾರದ ಮೀನು ಹಿಡಿದವರನ್ನು ಸಂಬಳ ಕೊಟ್ಟು ಹೊರರಾಜ್ಯಗಳ ಸ್ಪರ್ಧೆಗಳಿಗೆ ಕಳುಹಿಸುವುದು ಅವರ ಯೋಜನೆ. ನಿಯಮ ಒಂದೇ: ಮೀನು ಜೀವಂತವಾಗಿ ತಕ್ಕಡಿಗೆ ಬರಬೇಕು, ತೂಕವಾದ ಮೇಲೆ ಮತ್ತೆ ನೀರಿಗೆ ಹೋಗಬೇಕು.

ಸ್ಪರ್ಧೆ ಬಂದದ್ದು ಶ್ರಾವಣದಲ್ಲಿ. ಮೈಲಾರಲಿಂಗನ ಒಕ್ಕಲಾದ ನಮ್ಮ ಮನೆಯಲ್ಲಿ ಆ ತಿಂಗಳು ಮಾಂಸ ಬೇಯುವುದಿಲ್ಲ, ಯಾವ ಜೀವವನ್ನೂ ತೆಗೆಯುವುದಿಲ್ಲ. ನಾನು ನಿಯಮವನ್ನು ಅಪ್ಪನಿಗೆ ವಿವರಿಸಿದೆ.

"ಒಂದೂ ಸಾಯಂಗಿಲ್ಲ?"

ಸಾಯುವುದಿಲ್ಲ ಎಂದೆ.

"ಹಂಗಾರ ನಾನೂ ಬರ್ತೀನಿ. ಒಂದು ಸತ್ತರೂ ಅವತ್ತಿಗೆ ಆ ಕೋಲು ಮುರದು ಒಲಿಗೆ ಹಾಕೂದು, ನೋಡು ಮತ್ತ."

ಸ್ಪರ್ಧೆಗೆ ಬಂದವರೆಲ್ಲ ಗಂಡಸರು, ಟೋಪಿ ಹಾಕಿದವರು. ನಾನು ಶಾಲೆಗೆ ಉಡುವ ಸೀರೆಯಲ್ಲಿ ಸೆರಗು ಬಿಗಿದು ನಿಂತಿದ್ದೆ. ಹಿಂದೆ ಕಂಬಳಿ ಹೊದ್ದ ಅಪ್ಪ. ಹೊಸ ನೀರು ಬಂದು ಜಾಲಿಗಿಡಗಳು ಅರ್ಧ ಮುಳುಗಿದ್ದವು. ಅವುಗಳ ಬುಡದಲ್ಲಿ ಬೇಟೆಯಾಡುವ ಮೀನು ಹೊಂಚುತ್ತದೆಂದು ನನಗೆ ಗೊತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಚಮಚವನ್ನು ಏನೋ ಬಲವಾಗಿ ಎಳೆಯಿತು. ಬಾಳೆಮೀನು: ಹುರುಪೆಯಿಲ್ಲದ ಬೆಳ್ಳಿ ಮೈ, ಅಗಲ ಬಾಯಿ, ಕುಡುಗೋಲಿನಂತೆ ಬಾಗಿದ ಉದ್ದ. ದಡಕ್ಕೆ ತಂದಾಗ ಟೋಪಿಯವರು ಸುತ್ತ ನೆರೆದರು. ಅಂದು ಅದಕ್ಕಿಂತ ದೊಡ್ಡದನ್ನು ಯಾರೂ ಹಿಡಿದಿರಲಿಲ್ಲ. ಅದನ್ನು ನೀರು ತುಂಬಿದ ಪ್ಲಾಸ್ಟಿಕ್ ಟಬ್ಬಿನಲ್ಲಿ ಬಿಟ್ಟು, ತಕ್ಕಡಿಯ ಬಳಿ ಇಟ್ಟೆ.

ಆದರೆ ತಕ್ಕಡಿಯನ್ನು ಮುಖ್ಯ ಅತಿಥಿಗಳು ಉದ್ಘಾಟಿಸಬೇಕಿತ್ತು. ಅವರು ಹಡಗಲಿಯಿಂದ ಹೊರಟಿದ್ದಾರೆ ಎಂಬ ಮಾತು ಬೆಳಗಿನಿಂದಲೂ ಕೇಳಿಬರುತ್ತಿತ್ತು. ಕೊನೆಗೊಮ್ಮೆ ಅವರ ಜೀಪು ಕಂಡಾಗ ಮಾಲೀಕರು ಅವಸರದಿಂದ ನನ್ನ ಬಳಿ ಬಂದರು. ನಿರೂಪಣೆಗೆ ಯಾರೂ ಇಲ್ಲವೆಂದೂ, ಶುದ್ಧ ಕನ್ನಡ ಮಾತನಾಡುವವಳು ನಾನೊಬ್ಬಳೇ ಎಂದೂ ಹೇಳಿ ಮೈಕನ್ನು ಕೈಗಿಟ್ಟರು. ಮೀನನ್ನು ಮೊದಲು ತೂಗೋಣವೆಂದು ಕೇಳಿಕೊಂಡೆ.

"ಒಂದೈದು ನಿಮಿಷ ತಡೀರಿ ಮೇಡಂ. ಹಾರ ಹಾಕಿದ ಕೂಡ್ಲೆ ನಿಮ್ದ ಮೊದ್ಲು."

ನಾನು ವೇದಿಕೆ ಹತ್ತಿ ಸ್ವಾಗತ ಕೋರಿದೆ. ಅಧ್ಯಕ್ಷತೆ ವಹಿಸಿದವರು, ವೇದಿಕೆಯ ಮೇಲಿನ ಗಣ್ಯರು, ಊರ ಹಿರಿಯರು — ಚೀಟಿಯಲ್ಲಿದ್ದ ಒಂದು ಹೆಸರನ್ನೂ ಬಿಡುವಂತಿರಲಿಲ್ಲ, ಹಿಂದುಮುಂದಾದರೂ ಮುನಿಸು. ಹಾರಗಳಾದ ಮೇಲೆ ಅತಿಥಿಗಳು ನದಿಯ ಮಹತ್ವವನ್ನು ಕುರಿತು ಮಾತನಾಡತೊಡಗಿದರು. ಟಬ್ಬು ಬಿಸಿಲಿನಲ್ಲಿತ್ತು. ಮೀನು ಬಾಯಿಯನ್ನು ನೀರಿನ ಮೇಲಕ್ಕೆ ತಂದು ತೆರೆಯುತ್ತ ಮುಚ್ಚುತ್ತ ಇರುವುದು ನನಗೆ ವೇದಿಕೆಯಿಂದಲೇ ಕಾಣುತ್ತಿತ್ತು. ನಂತರ ಅದು ಒಂದು ಮಗ್ಗುಲಿಗೆ ವಾಲಿತು. ನಾನು ಮಾಲೀಕರತ್ತ ನೋಡಿ ಕಣ್ಣಿನಿಂದ ಸೂಚಿಸಿದೆ. ಅವರು ಭಾಷಣವನ್ನು ಮೆಚ್ಚಿದವರಂತೆ ತಲೆಯಾಡಿಸಿದರು.

ಟಬ್ಬಿನ ಬಳಿ ಕುಕ್ಕರಗಾಲಿನಲ್ಲಿ ಕೂತಿದ್ದ ಅಪ್ಪ ಎದ್ದು ನಿಂತ. ಕಂಬಳಿಯನ್ನು ಕೆಳಗಿಟ್ಟು ಎರಡೂ ಕೈಗಳಿಂದ ಮೀನನ್ನು ಎತ್ತಿದ. ಸ್ವಲ್ಪ ಮೇಲೆ ಕೆಳಗೆ ಮಾಡಿ ನೋಡಿದ. ಬಳಿಕ, ಅಡವಿಯಲ್ಲಿ ಹುಟ್ಟಿದ ಮರಿಯನ್ನು ಹಟ್ಟಿಗೆ ತರುವವನಂತೆ ಎದೆಗವಚಿಕೊಂಡು ನೀರಿನ ಕಡೆಗೆ ನಡೆದ. ನಿರೂಪಣೆಯ ಮೈಕು ನನ್ನ ಬಾಯಿಯ ಮುಂದೆಯೇ ಇತ್ತು, ಕೂಗಿದರೆ ಭಾಷಣದ ನಡುವೆ ಎಲ್ಲರಿಗೂ ಕೇಳುತ್ತಿತ್ತು. ಅತಿಥಿಗಳು ಮಾತನಾಡುತ್ತಲೇ ಇದ್ದರು. ಅಪ್ಪ ಮೊಣಕಾಲುದ್ದ ನೀರಿಗಿಳಿದು, ಮೀನನ್ನು ಹಿಂದೆ ಮುಂದೆ ಆಡಿಸುತ್ತ ನಿಂತದ್ದು, ಕೈಗಳನ್ನು ಖಾಲಿಯಾಗಿ ಮೇಲೆತ್ತಿದ್ದು ಎಲ್ಲವನ್ನೂ ನಾನು ನೋಡಿದೆ.

ಚಪ್ಪಾಳೆಯಾಯಿತು. ನಾನು ವೇದಿಕೆ ಇಳಿದು ತಕ್ಕಡಿಯ ಬಳಿ ಬರುವಷ್ಟರಲ್ಲಿ ಅಪ್ಪ ಒದ್ದೆ ಧೋತರದಲ್ಲೇ ಮಾಲೀಕರಿಗೆ ಲೆಕ್ಕ ಒಪ್ಪಿಸುತ್ತಿದ್ದ.

"ಜೀವ ಹೊಂಟಿತ್ತರಿ, ಅದಕ್ಕ ಬಿಟ್ಟು ಬಂದೆ. ಎತ್ತಿ ನೋಡೀನಿ. ಆರು ತಿಂಗಳ ಮರಿಯಷ್ಟು ತೂಕ ಐತಿ, ಬರಕೋರಿ."

ಅಪ್ಪ ಮೋಸ ಮಾಡುವವನಲ್ಲ, ಹುಡುಗಾಟದವನೂ ಅಲ್ಲ. ಕುರಿಗಳ ಸಂತೆಯಲ್ಲಿ ತಕ್ಕಡಿಯೇ ಇರುತ್ತಿರಲಿಲ್ಲ. ಟಗರನ್ನು ಎತ್ತಿ ನೋಡಿ ಆತ ಹೇಳಿದ ತೂಕದ ಮೇಲೆ ವ್ಯಾಪಾರ ಕುದುರುತ್ತಿತ್ತು. ಅದನ್ನು ಪ್ರಶ್ನಿಸಿದವರನ್ನು ನಾನು ಕಂಡಿರಲಿಲ್ಲ. ಮಾಲೀಕರು ನಗು ತಡೆದುಕೊಂಡು, "ಆಗ್ಲಿ ಯಜಮಾನ್ರ, ಬರಕೋತೀವಿ" ಎಂದರು. ಅಪ್ಪ ಸಮಾಧಾನದಿಂದ ಕಂಬಳಿ ಕೊಡವಿದ. ನಾನು ಮಾಲೀಕರ ಜೊತೆ ಸ್ವಲ್ಪ ಆಚೆ ಹೋಗಿ, ತಕ್ಕಡಿಯೇರದ ಆ ಮೀನು ಲೆಕ್ಕಕ್ಕೆ ಬರುವುದೇ ಎಂದು ಕೇಳಿದೆ. ನಿಯಮ ನಿಯಮವೇ ಅಲ್ಲವೇ ಮೇಡಂ, ನೀವು ಓದಿದವರು, ನಿಮಗೆ ಹೇಳಬೇಕೇ ಎಂದರು. ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ.

ಫಲಿತಾಂಶವನ್ನೂ ನಾನೇ ಓದಬೇಕಾಯಿತು. ಪ್ರಥಮ ಸ್ಥಾನ ಪಡೆದವರ ಹೆಸರನ್ನು ಸ್ಪಷ್ಟವಾಗಿ ಓದಿ, ಅವರಿಗೆ ಹಾರ್ದಿಕ ಅಭಿನಂದನೆಗಳನ್ನು ಸಲ್ಲಿಸಿದೆ. ಆ ಸಂಬಳದ ಕೆಲಸ ಅವರ ಪಾಲಾಯಿತು. ಸ್ಪರ್ಧೆಗಳಿಂದಲೇ ಜೀವನ ನಡೆಸುವ ದಿನ ನನಗೆ ಬರುವ ಹೊತ್ತಿಗೆ ನಾನು ಇನ್ನೂ ಹಲವು ತರಗತಿಗಳಿಗೆ ಸಮಾಜ ವಿಜ್ಞಾನ ಕಲಿಸಿಯಾಗಿತ್ತು.

ಊರಿಗೆ ಮರಳುವ ಟೆಂಪೋದಲ್ಲಿ ಅಪ್ಪ ಬಹಳ ಉಲ್ಲಾಸದಲ್ಲಿದ್ದ. ಇದು ಪಾಪದ ಆಟವಲ್ಲವೆಂದೂ, ಇನ್ನು ಮೇಲೆ ಎಲ್ಲಿ ಕರೆದರೂ ಹೋಗಬಹುದೆಂದೂ, ಮೀನು ಕಾಯಲು ತಾನೂ ಬರುವೆನೆಂದೂ ಹೇಳಿದ. ಬಳಿಕ ದನಿ ತಗ್ಗಿಸಿದ.

"ತೂಕ ಬರಕೊಂಡಿದ್ರು, ಮೈಕು ನಿನ್ನ ಕೈಯಾಗ ಇತ್ತಲ್ಲವ್ವ. ನಿನ್ನ ಹೆಸರು ನೀನ ಯಾಕ ಓದಲಿಲ್ಲ? ನಾಚಿಕಿ ಬಂತೇನು?"

ಹೌದು ಎಂದೆ.