ಬ್ಯಾಂಕಿನ ಹೊಸ ಬೋರ್ಡು, ಅಕ್ಕನ ಹಳೆಯ ಹೆಸರು

ಕಮಲಾಪುರದ ಬ್ಯಾಂಕಿಗೆ ಹೊಸ ಹೆಸರಿನ ಬೋರ್ಡು ಬಂದ ವಾರ ಅಕ್ಕ ಫೋನು ಮಾಡಿದಳು. ಹೊಸ ಪಾಸ್‌ಬುಕ್ ಕೊಡುತ್ತಾರಂತೆ, ಜೊತೆಗೆ ಬಾ ಎಂದಳು. ನಾನು ಕಲಬುರಗಿಯ ಶಹಾಬಜಾರದಲ್ಲಿರುವವನು. ಬೇಳೆ ಮಿಲ್ಲಿನಲ್ಲಿ ಚೀಲ ಹೊಲಿಯುತ್ತೇನೆ. ಐದನೇ ಇಯತ್ತೆಗೆ ಶಾಲೆ ಬಿಟ್ಟೆ. ಆದರೂ ಸಹಿ ಮಾಡಲು ಬರುತ್ತದೆಂದು ಇಂಥ ಕೆಲಸಕ್ಕೆಲ್ಲ ಅಕ್ಕನಿಗೆ ನಾನೇ ಬೇಕು. ಒಂದು ದಿನದ ಹಾಜರಿ ಹೋಯಿತೆಂದು ಗೊಣಗುತ್ತಲೇ ಬಸ್ಸು ಹತ್ತಿದೆ. ಮಹಾಗಾಂವ ಕ್ರಾಸಿನಲ್ಲಿ ಅವಳು ಹತ್ತಿದಳು. ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದಳು. ಬ್ಯಾಂಕಿಗೆ ಹೋಗಲು ಇದೇಕೆಂದು ನಾನು ಕೇಳಲಿಲ್ಲ.

ಬ್ಯಾಂಕಿನ ಮುಂದೆ ಜಾತ್ರೆಯಷ್ಟು ಜನ. ಹಳೆಯ ಬ್ಯಾಂಕು ಮುಳುಗಿತೋ, ಯಾರಿಗಾದರೂ ಮಾರಿದರೋ ಎಂದು ಒಬ್ಬೊಬ್ಬರದೂ ಒಂದೊಂದು ಅನುಮಾನ. ಒಬ್ಬ ಮುದುಕಿ ಒಳಗೆ ಬರಲೇ ಒಲ್ಲೆ ಎಂದು ಬಾಗಿಲಲ್ಲಿ ಕೂತಿದ್ದಳು. ಹಳೆಯ ಸಿಪಾಯಿಯ ಮುಖ ಕಂಡ ಮೇಲೆಯೇ ಎದ್ದಳು. ಒಳಗೆ ಸಾಲಿನಲ್ಲಿದ್ದ ಕೆಂಪು ಬಾಳೆಹಣ್ಣಿನ ವ್ಯಾಪಾರಿ ಮೇಲೆ ನೋಡುತ್ತ ಹೇಳಿದ:

“ಗುಲಬರ್ಗಾ ಹೋಗಿ ಕಲಬುರಗಿ ಆಯ್ತು. ಬಿಸಲ ಏನರ ಕಮ್ಮಿ ಆಯ್ತೇನ್ರಿ? ಇದೂ ಹಂಗೇ. ಈ ಫ್ಯಾನ್ ಆಗೂ ತಿರಗಲಿಲ್ಲ, ಈಗೂ ತಿರಗಲ್ಲ.”

ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. ಅವಳ ಸರದಿ ಬಂದಾಗ ಮೇಜಿನ ಆಚೆ ಕೂತಿದ್ದ ಮೇಡಂಗೆ ಹೇಳಿದಳು:

“ನಿಮ್ಮ ಬ್ಯಾಂಕಿನ ಹೆಸರು ಬದಲಿ ಆಗ್ಯಾದಲ್ರಿ. ಹಂಗೇ ನಂದೂ ಬದಲಿ ಮಾಡಿಕೊಡ್ರಿ.”

ನಮ್ಮ ಕಡೆ ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರಡಿ, ಗಂಡ ಅದರ ಮೇಲೆ ಉಂಗುರದಿಂದ ಹೆಂಡತಿಯ ಹೊಸ ಹೆಸರು ಬರೆಯುತ್ತಾನೆ. ತವರಿನಲ್ಲಿ ಇಟ್ಟ ಹೆಸರು ಅಲ್ಲಿಗೆ ಮುಗಿಯಿತು. ಭಾವ ಅಂದು ಬರೆದದ್ದು ಸತ್ತುಹೋದ ತನ್ನ ಮೊದಲ ಹೆಂಡತಿಯ ಹೆಸರನ್ನು. ಆ ತಾಟು ಹಿಡಿದು ನಿಂತಿದ್ದವನು ನಾನೇ. ಇಷ್ಟು ವರ್ಷ ಅಕ್ಕ ಸತ್ತವಳ ಹೆಸರಿಗೆ ಓಗೊಟ್ಟಳು. ಈಗ ಭಾವನೂ ಇಲ್ಲ. ಅವಳಿಗೆ ಅಪ್ಪ ಇಟ್ಟ ಹೆಸರು ಬೇಕಾಗಿತ್ತು.

ಮೇಡಂ ತಾಳ್ಮೆಯಿಂದಲೇ ಹೇಳಿದರು. ಮೊದಲು ಆಧಾರ್ ತಿದ್ದಿಸಬೇಕು, ಅಫಿಡವಿಟ್ ಮಾಡಿಸಬೇಕು, ಈಕೆ ಇದೇ ಹೆಸರಿನ ನಮ್ಮ ಮನೆಮಗಳು ಎಂದು ತವರಿನವರು ಯಾರಾದರೂ ಬರೆದುಕೊಡಬೇಕು. ಅಕ್ಕ ಗೆದ್ದವಳಂತೆ ನನ್ನ ಕಡೆ ತಿರುಗಿದಳು.

“ನಮ್ಮ ತಮ್ಮ ಇಲ್ಲೇ ಇದ್ದಾನಲ್ರಿ. ಬರದು ಕೊಡ್ತಾನ.”

ನನಗೆ ನೆನಪಾದದ್ದು ಹೊಲ. ಅಪ್ಪ ಸತ್ತ ಮೇಲೆ ಅಕ್ಕನನ್ನು ಒಂದು ಮಾತೂ ಕೇಳದೆ ಅದನ್ನು ನನ್ನೊಬ್ಬನ ಹೆಸರಿಗೆ ಮಾಡಿಸಿಕೊಂಡಿದ್ದೆ. ಬೇರೆ ಹೆಸರು ಹೊತ್ತು ಮಹಾಗಾಂವದ ಸೊಸೆಯಾಗಿದ್ದವಳನ್ನು ಆಗ ಯಾರೂ ವಿಚಾರಿಸಲಿಲ್ಲ. ಅದೇ ಹೆಂಗಸು ಕಾಗದದಲ್ಲಿ ಅಪ್ಪನ ಮಗಳಾಗಿ ಎದ್ದುನಿಂತರೆ?

“ನನಗ ನೆನಪಿಲ್ರಿ ಮೇಡಂ,” ಎಂದೆ. “ನಾ ಸಣ್ಣಾವಿದ್ದೆ.”

ಅವ್ವ ಹಿತ್ತಿಲಿನಿಂದ ದಿನವೆಲ್ಲ ಕೂಗುತ್ತಿದ್ದ ಹೆಸರು ಅದು. ಆ ಕೂಗಿಗೆ ಅಕ್ಕ ನನ್ನನ್ನು ಕಂಕುಳಲ್ಲಿ ಎತ್ತಿಕೊಂಡೇ ಓಡುತ್ತಿದ್ದಳು. ಮೇಡಂ ನನ್ನನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು. ಅಕ್ಕ ಮೇಜಿನ ಕಡೆ ತಿರುಗಿದಳು. ಹೆಬ್ಬೆಟ್ಟು ಒತ್ತಿ, ಹೊಸ ಬ್ಯಾಂಕಿನ ಪಾಸ್‌ಬುಕ್ಕನ್ನು ಆ ಸತ್ತವಳ ಹೆಸರಿನಲ್ಲೇ ತೆಗೆದುಕೊಂಡಳು.

ಬಸ್ ಸ್ಟ್ಯಾಂಡಿನಲ್ಲಿ ಎಂದಿನಂತೆ ನನ್ನ ಮಕ್ಕಳಿಗೆಂದು ಬಾಳೆಹಣ್ಣು ಕೊಂಡಳು. ಬೇಡ ಎನ್ನುವ ಮುಖವೂ ನನಗಿರಲಿಲ್ಲ. ಬಸ್ಸಿನಲ್ಲಿ ಪಕ್ಕದಲ್ಲೇ ಕೂತರೂ ಕಿಟಕಿಯ ಹೊರಗೆ ನೋಡುತ್ತಿದ್ದಳು. ಮಹಾಗಾಂವದಲ್ಲಿ ಇಳಿಯಲು ಎದ್ದಾಗ ಹಣ್ಣಿನ ಚೀಲವನ್ನು ನನ್ನ ತೊಡೆಯ ಮೇಲಿಟ್ಟಳು.

“ನಾ ಹೊಲ ಕೇಳಲಾಕ ಬಂದಿದ್ದಿಲ್ಲೋ ತಮ್ಮಾ.”

ಇಳಿದು ಹೋದಳು. ಆ ಹೆಸರು ಹಿಡಿದು ಕೂಗಬೇಕೆನಿಸಿತು. ಅವ್ವ ಹೋದ ಮೇಲೆ ಅದನ್ನು ಬಲ್ಲವನು ನಾನೊಬ್ಬನೇ. ಆದರೆ ಬ್ಯಾಂಕಿನ ಸಾಲಿನಲ್ಲಿದ್ದವರು ಇಬ್ಬರು ಮುಂದಿನ ಸೀಟಿನಲ್ಲೇ ಇದ್ದರು. ನಾನು ನೆನಪಿಲ್ಲ ಎಂದದ್ದನ್ನು ಕೇಳಿದವರು. ಚೀಲ ಹಿಡಿದು ಕೂತೇ ಇದ್ದೆ.

ಕಮಲಾಪುರದ ಜನ ಇವತ್ತಿಗೂ ಬ್ಯಾಂಕನ್ನು ಹಳೆಯ ಹೆಸರಿನಿಂದಲೇ ಕರೆಯುತ್ತಾರೆ. ಅದಕ್ಕೆ ಯಾರ ಸಹಿಯೂ ಬೇಕಾಗಿಲ್ಲ. ಅಕ್ಕ ಈಗ ಒಬ್ಬಳೇ ಹೋಗಿ ಬರುತ್ತಾಳೆ, ನನ್ನನ್ನು ಕರೆಯುವುದಿಲ್ಲ. ಹೊಲ ಇನ್ನೂ ನನ್ನ ಹೆಸರಿನಲ್ಲೇ ಇದೆ.