ಊರ ಹೊರಗೆ ಬಿಟ್ಟುಬಂದ ದೇವಿ

ಸರ್ಪಸುತ್ತು ಎದ್ದ ಪಕ್ಕೆಗೆ ಅಂಗಿ ತಾಗಿದರೂ ಉರಿಯುತ್ತಿತ್ತು. ಕೂರಲಾಗದೆ, ಮಲಗಲಾಗದೆ ಪರವೂರಿನ ಮನೆಯಲ್ಲಿ ಗೋಡೆಯಿಂದ ಗೋಡೆಗೆ ಅಡ್ಡಾಡುತ್ತಿದ್ದೆ. ಚಿಕ್ಕಂದಿನಲ್ಲಿ ನನಗಾದ ಚಿಕನ್‌ಪಾಕ್ಸ್‌ನ ವೈರಸ್ಸೇ ಇದು, ಇಷ್ಟು ವರ್ಷ ಬೆನ್ನುಹುರಿಯ ಪಕ್ಕದ ನರದ ಗಂಟಿನಲ್ಲಿ ಮಲಗಿತ್ತು, ಈಗ ಎಚ್ಚೆತ್ತು ಆ ನರದ ಗುಂಟ ಚರ್ಮಕ್ಕೆ ಬಂದಿದೆ ಎಂದಿದ್ದರು ಡಾಕ್ಟರು. ಮಲಗಿತ್ತಂತೆ! ಸಿಟ್ಟು ನೆತ್ತಿಗೇರಿ, ಧಾರವಾಡದಲ್ಲಿರುವ ಅವ್ವನಿಗೆ ಫೋನ್ ಹಚ್ಚಿದೆ.

“ಅವತ್ತ ದೇವಿ ಬಂದಾಳ ಅಂತ ಬೇವಿನ ನೀರು ಹಾಕಿ, ಮೊಸರನ್ನದ ಎಡಿ ಮಾಡಿ, ಊರ ಹೊರಗ ಬಿಟ್ಟು ಬಂದಿದ್ದಿ. ಆಕಿ ಹೋಗೇ ಇಲ್ಲ ನೋಡು! ನನ್ನ ಬೆನ್ನಾಗ ಕುಂತಿದ್ಲು!”

ಅವ್ವ ಬೈಯಲಿಲ್ಲ. ಮೆಲ್ಲಗೆ ಕೇಳಿದಳು:

“ನಿನ್ನ ಆರೈಕಿ ಮಾಡಿ ನನಗೂ ಬಂದಿದ್ಲಲ್ಲೋ. ನನ್ನ ಬೆನ್ನಾಗ ಈಗ್ಲೂ ಅದಾಳೇನು?”