ಹುಳುಮನೆಯಲ್ಲಿ ಮಾಡಿದ ಮೂರನೆಯ ರೆಕಾರ್ಡು

ನಮ್ಮದು ಮೂರು ಜನರ ಬ್ಯಾಂಡು. ನಾನು ಡ್ರಮ್ಸ್ ನುಡಿಸುತ್ತೇನೆ, ಒಬ್ಬ ಗಿಟಾರ್, ಇನ್ನೊಬ್ಬ ಬೇಸ್ ಗಿಟಾರ್. ಹಾಡುವವರು ಯಾರೂ ಇಲ್ಲ. ಇದನ್ನು ಹೇಳಿದ ಕೂಡಲೇ ಎದುರಿಗಿರುವವರ ಮುಖದಲ್ಲಿ ಕನಿಕರ ಕಾಣಿಸಿಕೊಳ್ಳುತ್ತದೆ, ಪಾಪ ಇವರಿಗೆ ಇನ್ನೂ ಯಾರೂ ಸಿಕ್ಕಿಲ್ಲವೇನೋ ಎಂಬಂತೆ. ನಂಜನಗೂಡಿನ ಕಾರ್ಖಾನೆಯ ಲ್ಯಾಬಿನಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಕೆಲಸ ಮಾಡುವ ಹೆಂಗಸೊಬ್ಬರು, ತಮ್ಮ ನಾದಿನಿಯ ಮಗಳು ಭಾವಗೀತೆ ಚೆನ್ನಾಗಿ ಹಾಡುತ್ತಾಳೆ, ಕಳಿಸಿಕೊಡಲೇ ಎಂದು ಮೂರು ಸಲ ಕೇಳಿದ್ದಾರೆ. ಬೇಡ, ನಮ್ಮದು ಬರೀ ವಾದ್ಯ, ಬೇಕೆಂದೇ ಹಾಗೆ ಇಟ್ಟುಕೊಂಡಿದ್ದೇವೆ ಎಂದರೆ, "ಅಂಗಾದ್ರೆ ಜನಕ್ಕೆ ಏನ್ ಅರ್ಥ ಆಯ್ತದೆ?" ಎನ್ನುತ್ತಾರೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಮೂರನೆಯ ಸಲ ಕೇಳಿದಾಗ, "ನಿಮ್ಮ ಮಿಕ್ಸಿ ತಿರುಗಿದ್ರೆ ಚಟ್ನಿ ಆಗ್ತಿದೆ ಅಂತ ಅರ್ಥ ಆಗಲ್ವಾ ಮೇಡಂ" ಎಂದುಬಿಟ್ಟೆ. ಎರಡು ದಿನ ಅವರು ನನ್ನ ಜೊತೆ ಊಟಕ್ಕೆ ಕೂರಲಿಲ್ಲ.

ನಾವು ಇದುವರೆಗೆ ಮಾಡಿರುವುದು ಮೂರು ರೆಕಾರ್ಡು. ಮೂರೂ ಇಂಟರ್‌ನೆಟ್ಟಿನಲ್ಲಿವೆ, ಯಾರು ಬೇಕಾದರೂ ಕೇಳಬಹುದು. ಮೂರರ ಬಗ್ಗೆಯೂ ನನಗೆ ಹೆಮ್ಮೆ ಇದೆ. ಇಲ್ಲ ಅಂತ ವಿನಯ ತೋರಿಸಲು ನನಗೆ ಬರುವುದಿಲ್ಲ.

ಮೊದಲನೆಯದನ್ನು ಮಾಡಿದ್ದು ನಂಜನಗೂಡಿನ ರೈಲ್ವೆ ಸ್ಟೇಷನ್ನಿನ ಹಿಂದೆ, ಬೇಸ್ ನುಡಿಸುವವನು ಬಾಡಿಗೆಗಿದ್ದ ಮಹಡಿಯ ರೂಮಿನಲ್ಲಿ. ಅವನು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಾನೆ. ರೆಕಾರ್ಡಿಂಗಿನ ವಿದ್ಯೆಯನ್ನೆಲ್ಲ ತಾನೇ ಓದಿ, ಕೆಡಿಸಿ, ಕಲಿತವನು. ಕಿಟಕಿಗಳಿಗೆ ಹಾಸಿಗೆ ನಿಲ್ಲಿಸಿ ಶುರುಮಾಡಿದೆವು. ನಾಲ್ಕನೆಯ ಟ್ರ್ಯಾಕು ಚೆನ್ನಾಗಿ ಬರುತ್ತಿದ್ದ ಹೊತ್ತಿಗೆ ಸರಿಯಾಗಿ ಚಾಮರಾಜನಗರದ ಪ್ಯಾಸೆಂಜರು ಕೂಗಿಕೊಂಡು ಬಂತು. ತೆಗೆಯೋಣವೇ ಬಿಡೋಣವೇ ಎಂದು ಒಂದು ವಾರ ಜಗಳವಾಡಿ ಕೊನೆಗೆ ಬಿಟ್ಟೆವು. ಆಮೇಲೆ ಎಲ್ಲಿಯವರೋ ಒಬ್ಬರು, ನಾಲ್ಕನೆಯದರಲ್ಲಿ ಬರುವ ಆ ವಾದ್ಯ ಯಾವುದು ಎಂದು ಬರೆದು ಕೇಳಿದರು. ರೈಲು ಎಂದು ಉತ್ತರ ಕೊಟ್ಟೆವು, ಅವರು ನಂಬಲಿಲ್ಲ.

ಎರಡನೆಯದನ್ನು ಮಾಡಿದ್ದು ಹುಳುಮನೆಯಲ್ಲಿ. ಗಿಟಾರ್ ನುಡಿಸುವವನ ಊರು ಟಿ. ನರಸೀಪುರ ದಾಟಿ ಮುಡುಕುತೊರೆಗೆ ಹೋಗುವ ರಸ್ತೆಯಲ್ಲಿದೆ. ಜಮೀನಿರುವ ಮನೆತನ. ಹಿಪ್ಪುನೇರಳೆ ತೋಟದ ಪಕ್ಕದಲ್ಲಿ ರೇಷ್ಮೆ ಹುಳು ಸಾಕಲೆಂದೇ ಉದ್ದನೆಯ ಒಂದು ಮನೆ ಕಟ್ಟಿಕೊಂಡಿದ್ದಾರೆ. ಹುಳು ಗೂಡು ಕಟ್ಟಿ, ಗೂಡು ಮಾರುಕಟ್ಟೆಗೆ ಹೋದ ಮೇಲೆ, ಮುಂದಿನ ಬೆಳೆಯ ಮರಿಗಳು ಬರುವ ತನಕ ಅದು ತೊಳೆಸಿಕೊಂಡು ಖಾಲಿ ಇರುತ್ತದೆ. ಆ ಕೆಲವು ದಿನ ಅದು ನಮ್ಮ ಸ್ಟುಡಿಯೋ. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಗೋಡೆಯುದ್ದಕ್ಕೂ ಒರಗಿಸಿಟ್ಟರೆ ಸದ್ದು ಮಾರ್ದನಿಸುವುದಿಲ್ಲ. ಮೈಸೂರಿನ ದೊಡ್ಡ ಸ್ಟುಡಿಯೋಗಳಲ್ಲೂ ಅಷ್ಟು ಒಳ್ಳೆಯ ಗೋಡೆ ಇಲ್ಲ ಎಂದು ನಮ್ಮ ಭೌತಶಾಸ್ತ್ರದವನೇ ಸರ್ಟಿಫಿಕೇಟು ಕೊಟ್ಟ.

ಆ ಮನೆಯ ಕಾನೂನೆಲ್ಲ ಗಿಟಾರಿನವನ ತಾಯಿಯದು. ಸೆಂಟು ಹಾಕಿಕೊಂಡು ಬರಬಾರದು, ಊದುಬತ್ತಿ ಹಚ್ಚಬಾರದು, ಹುಳಕ್ಕೆ ರೋಗ ತಗಲದಂತೆ ಬಾಗಿಲಲ್ಲಿ ಹರಡಿದ ಸುಣ್ಣದ ಪುಡಿಯನ್ನು ತುಳಿಯದೆ ಒಳಗೆ ಕಾಲಿಡಬಾರದು. ಮೊದಲನೆಯ ದಿನ ನಾನು ಸ್ವಲ್ಪ ಹಿಂದೆಮುಂದೆ ನೋಡಿದೆ. ನಾವು ಯಾವ ಬೀದಿಯವರು ಎಂಬುದು ಅವರಿಗೆ ಗೊತ್ತಿತ್ತು. ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಪಟವಿದೆ ಎಂದು ಅವರ ಮಗನೇ ಹೇಳಿದ್ದ. ಆಕೆ ನನ್ನನ್ನು ನೋಡಿ, "ನನ್ ಮಗನೂ ತುಳ್ದೇ ಬರ್ಬೇಕು ಕಣವ್ವ, ನೀನೂ ತುಳ್ದ್ ಬಾ, ಉಳ ಯಾರ್ ಕಾಲು ಅಂತ ಕೇಳಕಿಲ್ಲ" ಎಂದರು. ತುಳಿದು ಒಳಗೆ ಹೋದೆ. ಆಮೇಲೆ ಎರಡು ವರ್ಷ ಆ ಮನೆಗೆ ಹೋಗಿಬಂದು ಮಾಡಿದೆ, ಅವರ ಅಡುಗೆಮನೆಯಲ್ಲಿ ಕೂತು ಉಂಡೆ. ಎಷ್ಟು ಸಲೀಸಾಗಿಬಿಟ್ಟಿತ್ತೆಂದರೆ, ಆಮೇಲೆ ನಾನು ಮಾಡಿದ ತಪ್ಪಿಗೆ ಆ ಸಲೀಸೇ ಕಾರಣ.

ಇಲ್ಲಿ ಅಪ್ಪನ ವಿಷಯ ಹೇಳಬೇಕು. ಅಪ್ಪ ವಯಸ್ಸಿನಲ್ಲಿ ತಮಟೆ ಬಡಿಯುತ್ತಿದ್ದವನು. ನಂಜನಗೂಡು ತಾಲ್ಲೂಕಿನ ನಮ್ಮ ಊರಿನ ಸುತ್ತ ಅವನ ಕೈಗೆ ಸಮನಾದ ಕೈ ಇರಲಿಲ್ಲ ಎಂದು ಅವನ ವಾರಿಗೆಯವರು ಈಗಲೂ ಹೇಳುತ್ತಾರೆ. ಮೇಲಿನ ಬೀದಿಯಲ್ಲಿ ಯಾರಾದರೂ ಸತ್ತರೆ ಆಳು ಬಂದು ನಮ್ಮ ಬೀದಿಯ ತುದಿಯಲ್ಲೇ ನಿಂತು ಕೂಗುತ್ತಿದ್ದ. ಅಪ್ಪ ಹೋಗಬೇಕಿತ್ತು. ಒಮ್ಮೆ ಹೀಗೆ ಹೋದವನು ಬೆಳಗಿನಿಂದ ಸಂಜೆವರೆಗೆ ಒಂದು ಮನೆಯ ಅಂಗಳದಲ್ಲಿ ಬಿಸಿಲಿಗೆ ನಿಂತು ಬಡಿದ. ಕುಡಿಯಲು ನೀರು ಕೇಳಿದಾಗ ಎತ್ತರದಿಂದ ಬೊಗಸೆಗೆ ಸುರಿದರು. ಮನೆಗೆ ಬಂದು ತಮಟೆಯನ್ನು ಮೊಳೆಗೆ ನೇತುಹಾಕಿ, ಇನ್ನು ಯಾರು ಕರೆದರೂ ಬಡಿಯುವುದಿಲ್ಲ ಎಂದ. ಗಾರೆ ಕೆಲಸ ಕಲಿತು ಮೇಸ್ತ್ರಿಯಾದ. ಏಪ್ರಿಲ್‌ನಲ್ಲಿ ಜಯಂತಿಯ ದಿನ ನಮ್ಮದೇ ಬೀದಿಯಲ್ಲಿ, ಯಾರೂ ಕರೆಯದೆ, ತಾನೇ ಇಳಿಸಿಕೊಂಡು ನುಡಿಸುತ್ತಾನೆ. ಅದು ಬಿಟ್ಟರೆ ತಮಟೆ ಮೊಳೆಯ ಮೇಲೆಯೇ.

ನನಗೆ ತಾಳ ಕಲಿಸಿದವನು ಅವನೇ, ಅಡುಗೆಮನೆಯ ಡಬ್ಬದ ಮೇಲೆ. ನಮ್ಮ ಎರಡು ರೆಕಾರ್ಡನ್ನೂ ಫೋನಿನಲ್ಲಿ ಕೇಳಿದ್ದ. "ಎಲ್ಲ ಚೆನ್ನಾಗದೆ. ನಿನ್ ಎಡಗೈ ಮಾತ್ರ ನಿದ್ದೆ ಮಾಡ್ತಾ ಅದೆ" ಎಂದಿದ್ದ. ಕೋಪ ಬಂತು, ಏಕೆಂದರೆ ಅದು ನಿಜ. ಮೂರನೆಯ ರೆಕಾರ್ಡಿನಲ್ಲಿ ಅಪ್ಪನ ತಮಟೆ ಇರಲೇಬೇಕು ಎಂದು ಆವತ್ತೇ ಹಟ ಹುಟ್ಟಿತು. ಅವನ ಕೈಯ ಸದ್ದು ಎಲ್ಲೂ ಉಳಿದಿರಲಿಲ್ಲ. ಅವನಿಗೆ ಅರವತ್ತು ದಾಟಿತ್ತು, ಮಂಡಿ ನೋವು ಬೇರೆ. ಅದು ಹಾಗೇ ಹೋಗಿಬಿಟ್ಟರೆ ನನ್ನ ಡ್ರಮ್ಸಿಗೆ ಏನು ಬೆಲೆ ಎಂದು ಅನಿಸಿಬಿಟ್ಟಿತು.

ಕೇಳಿದಾಗ ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ. "ಕರೀತಾ ಇದ್ದೀಯಾ?" ಎಂದ.

"ಕರೀತಿಲ್ಲಪ್ಪ. ಆವತ್ತು ನಮ್ ಬ್ಯಾಂಡಲ್ಲಿ ನಾವು ನಾಲ್ಕು ಜನ. ನೀನೊಬ್ಬ."

ಒಂದು ವಾರ ಆ ಮಾತೇ ಎತ್ತಲಿಲ್ಲ. ಒಂದು ಭಾನುವಾರ ನಾನು ಬಟ್ಟೆ ಒಗೆದು ಒಳಗೆ ಬಂದಾಗ ಮೊಳೆ ಖಾಲಿ ಇತ್ತು. ಅಪ್ಪ ಜಗಲಿಯಲ್ಲಿ ಕೂತು ತಮಟೆಯ ಚರ್ಮದ ಮೇಲೆ ಕೈ ಆಡಿಸುತ್ತಿದ್ದ. "ನರಸೀಪುರಕ್ಕೆ ಬಸ್ಸು ಎಷ್ಟೊತ್ಗೆ?" ಎಂದು ಕೇಳಿದ.

ರೆಕಾರ್ಡಿಂಗಿನ ದಿನ ನಾನು ಸಾಮಾನು ಜೋಡಿಸಲು ಬೆಳಿಗ್ಗೆಯೇ ಹುಳುಮನೆಗೆ ಹೋಗಿದ್ದೆ. ಅಪ್ಪ ಹತ್ತು ಗಂಟೆಯ ಬಸ್ಸಿಗೆ ಬರುವವನಿದ್ದ. ತಮಟೆಯ ಸದ್ದು ಸಾಮಾನ್ಯದ್ದಲ್ಲ. ಒಂದೇ ಕೋಣೆಯಲ್ಲಿ ಇಟ್ಟರೆ ಅದು ಗಿಟಾರಿನ ಮೈಕಿಗೂ ನನ್ನ ಡ್ರಮ್ಸಿನ ಮೈಕಿಗೂ ನುಗ್ಗುತ್ತದೆ, ಆಮೇಲೆ ಬೇರೆ ಮಾಡಲು ಆಗುವುದಿಲ್ಲ, ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿಂದ ನುಡಿಸಬೇಕು. ಜೋರಾಗಿ ಸದ್ದು ಮಾಡುವ ವಾದ್ಯವನ್ನು ದೂರ ಇಡುವುದು ಎಲ್ಲ ಸ್ಟುಡಿಯೋಗಳ ರೂಢಿ. ಹಾಗೆಂದು ನಾನೇ, ನನ್ನ ಕೈಯಾರೆ, ಹುಳುಮನೆಯ ಬಾಗಿಲ ಹೊರಗೆ ಅಂಗಳದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿದೆ. ಮುಂದೆ ಮೈಕು ನಿಲ್ಲಿಸಿದೆ. ಒಳಗಿನ ನಮ್ಮ ಸದ್ದು ಅವನಿಗೆ ಕೇಳಲೆಂದು ಹೆಡ್‌ಫೋನು ಕುರ್ಚಿಯ ಮೇಲಿಟ್ಟೆ. ನೆರಳು ಬೀಳುತ್ತದೆಯೇ ಎಂದು ಕೂಡ ನೋಡಿದೆ, ಎಂಥ ಮುತುವರ್ಜಿ ನನ್ನದು.

ಅಪ್ಪ ಒಗೆದ ಬಿಳಿ ಅಂಗಿ ಹಾಕಿಕೊಂಡು, ತಮಟೆಯನ್ನು ಹೊಸ ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದ. ಗಿಟಾರಿನವನ ತಾಯಿ, "ಬನ್ನಿ ಅಣ್ಣ" ಎಂದರು. ಅಪ್ಪ ಕುರ್ಚಿಯನ್ನು ನೋಡಿದ. ಒಳಗೆ ಕೂತಿದ್ದ ನಮ್ಮ ಮೂವರನ್ನು ಬಾಗಿಲಿನಿಂದ ನೋಡಿದ. ಮತ್ತೆ ಕುರ್ಚಿಯನ್ನು ನೋಡಿದ. ತಿರುಗಿ ರಸ್ತೆಯ ಕಡೆ ನಡೆದ.

"ಏನಾಯ್ತು, ಏನಾದ್ರೂ ಮರ್ತ್ ಬಂದ್ರಾ?" ಎಂದು ಗಿಟಾರಿನವನು ಕೇಳಿದ. ಅವನಿಗೆ ನಿಜಕ್ಕೂ ಗೊತ್ತಾಗಲಿಲ್ಲ. ನನಗೆ ಅಪ್ಪನ ಬೆನ್ನು ನೋಡಿದ ಕ್ಷಣ ಗೊತ್ತಾಯಿತು. ಅಂದಿನಂಥದೇ ಅಂಗಳ, ಅಂಥದೇ ಬಿಸಿಲು, ಒಳಗೆ ಜನ, ಹೊರಗೆ ತಮಟೆಯವನು. ಹಾಗೆ ಕೂರಿಸಿದವಳು ಮಗಳು. ಆ ಹೊಸ್ತಿಲನ್ನು ನಾನು ಎಷ್ಟು ಸಲ ದಾಟಿದ್ದೆನೆಂದರೆ, ಅಪ್ಪ ಅಂಥದ್ದೊಂದನ್ನು ಜೀವನದಲ್ಲಿ ದಾಟಿಲ್ಲ ಎಂಬುದೇ ಮರೆತುಹೋಗಿತ್ತು. ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳುವಷ್ಟು ಸಿಟ್ಟು ಬಂತು.

ಓಡಿದೆ. ಅವನು ಬಸ್ಸು ನಿಲ್ಲುವ ಹುಣಸೆ ಮರದ ಕೆಳಗೆ ಕಲ್ಲಿನ ಮೇಲೆ ಕೂತಿದ್ದ.

"ಕುರ್ಚಿ ಯಾರ್ ಆಕಿದ್ದು?" ಎಂದ.

"ನಾನೇ ಅಪ್ಪ."

"ಅವ್ರ್ ಆಕಿದ್ರೆ ಏನ್ ಮಾಡ್ಬೇಕು ಅಂತ ನಂಗ್ ಗೊತ್ತಿತ್ತು ಕಣವ್ವ. ನೀನ್ ಆಕಿದ್ರೆ ಏನ್ ಮಾಡದು?"

ನನಗೆ ಅಳು ಬಂತು. ಅಳುತ್ತಲೇ ಮೈಕಿನ ವಿಷಯ ಹೇಳಿದೆ, ಸದ್ದು ನುಗ್ಗುವ ವಿಷಯ ಹೇಳಿದೆ, ಒಟ್ಟಿಗೆ ಕೂತರೆ ಒಬ್ಬರ ತಪ್ಪು ತಿದ್ದಲು ಆಗುವುದಿಲ್ಲ ಎಂಬುದನ್ನೂ ಹೇಳಿದೆ. ನೆಪ ಹೇಳುತ್ತಿದ್ದೇನೆ ಅಂದುಕೊಂಡರೆ ಅಂದುಕೊಳ್ಳಲಿ, ಆದರೂ ಅದು ನಿಜವಾಗಿತ್ತು. ಅಪ್ಪ ಪೂರ್ತಿ ಕೇಳಿಸಿಕೊಂಡ.

"ತಿದ್ದಕ್ ಆಗಕಿಲ್ವಾ?"

"ಆಗಲ್ಲಪ್ಪ."

"ಅಂಗಾದ್ರೆ ತಪ್ ಮಾಡ್ದಂಗೆ ನುಡ್ಸಿ" ಎಂದು ಮಂಡಿ ಹಿಡಿದುಕೊಂಡು ಎದ್ದ.

ನಾವು ವಾಪಸು ಬಂದಾಗ ಅಂಗಳದ ಕುರ್ಚಿ ಇರಲಿಲ್ಲ. ಗಿಟಾರಿನವನ ತಾಯಿ ಅದನ್ನು ಒಳಗೆ, ನಟ್ಟನಡುವೆ ಹಾಕಿಸಿದ್ದರು. ಯಾರು ಅವರಿಗೆ ಹೇಳಿದರೋ, ಅವರೇ ತಿಳಿದುಕೊಂಡರೋ, ನಾನು ಇವತ್ತಿನವರೆಗೂ ಕೇಳಿಲ್ಲ. ತಮಟೆ ಕಾಯಿಸಬೇಕಲ್ಲ, ಅದಕ್ಕೆ ಒಂದು ಹಿಡಿ ಒಣಹುಲ್ಲನ್ನೂ ತಂದಿದ್ದರು. "ಒಗೆ ಮಾತ್ರ ಉಳುಮನೆ ಕಡೀಕ್ ಬರಬಾರ್ದು ಕಣಣ್ಣ" ಎಂದು ತಮ್ಮ ಕಾನೂನನ್ನು ಆಗಲೂ ಬಿಡಲಿಲ್ಲ. ಅಪ್ಪನಿಗೆ ಅದು ಇಷ್ಟವಾಯಿತು ಅನ್ನಿಸುತ್ತದೆ. ಗಾಳಿ ನೋಡಿ ತೋಟದ ಆಚೆ ಬದಿಗೆ ಹೋಗಿ ಉರಿ ಹಾಕಿ, ಚರ್ಮ ಬಿಗಿಯಾಗುವ ತನಕ ತಿರುಗಿಸಿ ತಿರುಗಿಸಿ ಕಾಯಿಸಿ ತಂದ. ಬಾಗಿಲಲ್ಲಿ ಸುಣ್ಣದ ಪುಡಿಯನ್ನು ಎರಡೂ ಕಾಲಿನಲ್ಲಿ ಚೆನ್ನಾಗಿ ತುಳಿದು ಒಳಗೆ ಬಂದ. ಬಂದವನು ಮೊದಲು ಮಾಡಿದ ಕೆಲಸ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿದ್ದು. "ಗಾರೆ ಚೆನ್ನಾಗ್ ಮಾಡವ್ರೆ" ಎಂದ. ಕುರ್ಚಿಯನ್ನು ಪಕ್ಕಕ್ಕೆ ಸರಿಸಿ ನಿಂತುಕೊಂಡ.

ನಾವು ಆರು ಸಲ ತಪ್ಪಿದೆವು. ಎರಡು ಸಲ ಬೇಸಿನವನು, ಒಂದು ಸಲ ಗಿಟಾರಿನವನು, ಮೂರು ಸಲ ನಾನು. ಅಪ್ಪ ಒಂದು ಸಲವೂ ತಪ್ಪಲಿಲ್ಲ. ಪ್ರತಿ ಸಲ ನಿಂತಾಗಲೂ ಅವನು ನನ್ನ ಎಡಗೈಯನ್ನು ನೋಡುತ್ತಿದ್ದ, ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ, ಅದೇ ಹೆಚ್ಚು ಉರಿಯುತ್ತಿತ್ತು. ಚರ್ಮ ಸಡಿಲವಾದಾಗಲೆಲ್ಲ ತೋಟದಾಚೆ ಹೋಗಿ ಮತ್ತೆ ಕಾಯಿಸಿ ತರುತ್ತಿದ್ದ. ಏಳನೆಯ ಸಲಕ್ಕೆ ಹನ್ನೊಂದು ನಿಮಿಷ ಎಲ್ಲಿಯೂ ಮುರಿಯದೆ ಹೋಯಿತು. ಎಡಗೈಯ ಸಣ್ಣ ಕಡ್ಡಿಯಲ್ಲಿ ಅವನು ಹಾಕುತ್ತಿದ್ದ ಪೆಟ್ಟು ಕೇಳಿಕೊಂಡೇ ನನ್ನ ಎಡಗೈ ಎಚ್ಚರವಾಯಿತು. ಕೊನೆಯ ಪೆಟ್ಟು ಬಿದ್ದ ಮೇಲೆ ಬಾಗಿಲಲ್ಲಿ ನಿಂತಿದ್ದ ಗಿಟಾರಿನವನ ತಾಯಿ, ಮುಗಿಯಿತೇ ಎಂದು ಮಗನಿಗೆ ಕಣ್ಣಲ್ಲೇ ಕೇಳಿ ಕಾಫಿ ಇಡಲು ಹೋದರು. ಕಾಫಿ ಬಂದಾಗ ಎಲ್ಲರದೂ ಒಂದೇ ಥರದ ಸ್ಟೀಲು ಲೋಟ. ಅಪ್ಪ ತನ್ನ ಲೋಟವನ್ನು ತಿರುಗಿಸಿ ನೋಡಿ ಕುಡಿದ.

ಹದಿನೈದು ದಿನ ಬೇಸಿನವನು ತನ್ನ ಕಂಪ್ಯೂಟರಿನ ಮುಂದೆ ಕೂತು ಅದನ್ನು ಸರಿಹೊಂದಿಸಿದ. ಆಮೇಲೆ ಲ್ಯಾಪ್‌ಟಾಪು ಹಿಡಿದುಕೊಂಡು ನಮ್ಮ ಮನೆಗೇ ಬಂದ. ಅಪ್ಪ ಕೆಲಸ ಮುಗಿಸಿ ಬಂದು, ಕೈಗೆ ಅಂಟಿದ ಸಿಮೆಂಟು ತೊಳೆಯುತ್ತಿದ್ದ. ಪಕ್ಕದಲ್ಲಿ ಕೂರಿಸಿಕೊಂಡು ಪೂರ್ತಿ ಕೇಳಿಸಿದೆವು. ಅಪ್ಪ ಎರಡೂ ಕಣ್ಣು ಮುಚ್ಚಿಕೊಂಡು ಕೇಳಿದ. ಮುಗಿದ ಮೇಲೆ ಬೇಸಿನವನು, "ಒಂದ್ ತಮಾಷೆ ತೋರಿಸ್ತೀನಿ ನೋಡಿ ಅಪ್ಪಾಜಿ" ಎಂದು ಪರದೆಯ ಮೇಲೆ ತಮಟೆಯ ಮೈಕನ್ನು ಪೂರ್ತಿ ಮುಚ್ಚಿಬಿಟ್ಟ. ಆದರೂ ತಮಟೆ ಕೇಳುತ್ತಲೇ ಇತ್ತು. ಡ್ರಮ್ಸಿನ ಮೈಕುಗಳನ್ನೂ ಮುಚ್ಚಿದ, ಬೇಸಿನದನ್ನೂ ಮುಚ್ಚಿದ. ಉಳಿದಿದ್ದು ಗಿಟಾರಿನ ಮೈಕೊಂದೇ. ಅದರಲ್ಲೂ ಗಿಟಾರಿನ ಹಿಂದೆ ತಮಟೆ, ಸ್ಪಷ್ಟವಾಗಿ.

ಅಪ್ಪ ಪರದೆಯನ್ನು ನೋಡಿದ, ಆಮೇಲೆ ನನ್ನ ಕಡೆ ತಿರುಗಿದ.

"ಈಗ ಯಾರಾದ್ರೂ ನನ್ನ ಒರಗ್ ಆಕ್ಬೇಕು ಅಂದ್ರೆ ಆಯ್ತದಾ?"

"ಆಗಲ್ಲಪ್ಪ. ಯಾರ ಕೈಲೂ ಆಗಲ್ಲ."

"ಸರಿ, ಇನ್ನೊಂದ್ ಸಾರಿ ಆಕು" ಎಂದು ಗೋಡೆಗೆ ಒರಗಿ ಕೂತ.